ಮಗುವಿಗಾಗಿ ಕೂಡುವ ಮನೆಮಂದಿ

ಕೆನಡಾದ ವಿನಿಪೆಗ್ ನಗರದಲ್ಲಿ ಮೂಲನಿವಾಸಿಗಳೇ 1984ರಲ್ಲಿ ಕಟ್ಟಿಕೊಂಡ ಸಂಸ್ಥೆ ಮಾ ಮಾವಿ ವಿ ಚಿ ಇಟಾಟಾ. ಅದರ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕುಟುಂಬ ಸಭೆ. ಮಗುವೊಂದು ಸರ್ಕಾರದ ಸುಪರ್ದಿಗೆ ಹೋದಾಗ ಅಥವಾ ಹೋಗುವ ಹಂತಕ್ಕೆ ಬಂದಾಗ ಅಜ್ಜಿ, ಸೋದರಮಾವ, ಚಿಕ್ಕಮ್ಮ, ಹತ್ತಿರದ ಸ್ನೇಹಿತರು ಒಂದೆಡೆ ಕೂರುತ್ತಾರೆ. ಮಗು ಯಾರ ಮನೆಯಲ್ಲಿ ಬೆಳೆಯಬೇಕು, ಶಾಲೆಗೆ ಬಿಡುವವರು ಯಾರು, ತಾಯಿ ಚೇತರಿಸಿಕೊಳ್ಳುವ ತನಕ ಅವಳ ಜೊತೆಗಿರುವವರು ಯಾರು? ಎಲ್ಲವನ್ನೂ ಅವರೇ ಮಾತಾಡಿ ತೀರ್ಮಾನಕ್ಕೆ ಬರುತ್ತಾರೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ರೂಢಿಯಿಂದ ಬೆಳೆದ ಈ ಕ್ರಮಕ್ಕೆ ಅಲ್ಲಿ 1989ರಲ್ಲೇ ಕಾನೂನಿನ ಬಲ ಸಿಕ್ಕಿತ್ತು.

ವಿನಿಪೆಗ್‌ನಲ್ಲಿ ಇಂಥ ಸಭೆಗೆ ಇಷ್ಟು ತೂಕ ಬರಲು ಕಾರಣವಿದೆ. 1960ರ ದಶಕದಿಂದ ಕೆನಡಾ ಸಾವಿರಾರು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬಿಡಿಸಿ, ಹೆಚ್ಚಾಗಿ ಬಿಳಿಯರ ಮನೆಗಳಿಗೆ ಕೊಟ್ಟಿತು. ಆ ಗಾಯ ಇನ್ನೂ ಹಸಿ. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಸರ್ಕಾರಿ ಆರೈಕೆಯಲ್ಲಿರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಇವತ್ತಿಗೂ ಮೂಲನಿವಾಸಿಗಳೇ. ಇಂಥ ಊರಿನಲ್ಲಿ ನೆಂಟರ ಮಾತಿಗೆ ಅಧಿಕಾರ ಕೊಡುವುದು ಸಣ್ಣ ಸಂಗತಿಯಲ್ಲ.

ಇನ್ನೊಂದು ಮಾತು ಹೇಳಲೇಬೇಕು: ಮಕ್ಕಳನ್ನು ಮನೆಯಿಂದ ಕರೆದೊಯ್ಯುವ ಅಧಿಕಾರ ಈ ಸಂಸ್ಥೆಗಿಲ್ಲ. ಹಾಗಾಗಿ ಕಷ್ಟದಲ್ಲಿರುವ ತಾಯಿ ಸಹಾಯ ಕೇಳಿ ಇದರ ಬಾಗಿಲು ತಟ್ಟಲು ಅಂಜಬೇಕಿಲ್ಲ.