ಒಂದೂವರೆ ಮತ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿ ಕಡಲು ಸೇರುವುದಕ್ಕೆ ಸ್ವಲ್ಪ ಹಿಂದೆ, ಕ್ಯಾಥ್ಲಾಮೆಟ್ ಎಂಬ ಪುಟ್ಟ ಊರಿದೆ. ಅದಿರುವ ವಕೈಯಕಮ್ ಕೌಂಟಿಯ ಒಟ್ಟು ಜನಸಂಖ್ಯೆ 2020ರ ಗಣತಿಯಲ್ಲಿ 4,422. ನಮ್ಮ ಒಂದು ದೊಡ್ಡ ಗ್ರಾಮದಷ್ಟು. ಅಲ್ಲಿನ ಶಾಲಾ ಜಿಲ್ಲೆಯಲ್ಲಿ ಓದುವ ಮಕ್ಕಳು ಐನೂರರ ಆಸುಪಾಸು. ಈ ಜಿಲ್ಲೆ 2021ರಲ್ಲಿ ತನ್ನ ರಾಜ್ಯದ ಮೇಲೆಯೇ ಮೊಕದ್ದಮೆ ಹೂಡಿತು. ಶಾಲೆ ಹಳತಾಗಿದೆ, ಹೊಸದು ಕಟ್ಟಲು ನಮ್ಮೂರಿಗೆ ತಾಕತ್ತಿಲ್ಲ, ಕಟ್ಟಿಸಿಕೊಡುವುದು ರಾಜ್ಯದ ಹೊಣೆ ಎಂಬುದು ಅದರ ವಾದ. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು.

ಜಿಲ್ಲೆ ಎಂದರೆ ಇಲ್ಲಿ ನಮ್ಮ ಡಿ.ಸಿ. ಸಾಹೇಬರ ಜಿಲ್ಲೆಯಲ್ಲ. ಶಾಲೆ ನಡೆಸಲೆಂದೇ ಇರುವ, ಚುನಾಯಿತ ಮಂಡಳಿಯುಳ್ಳ, ಜನ ಒಪ್ಪಿದರೆ ಆಸ್ತಿಯ ಮೇಲೆ ತೆರಿಗೆ ಹಾಕಬಲ್ಲ ಸ್ಥಳೀಯ ಸಂಸ್ಥೆ. ಹೊಸ ಕಟ್ಟಡ ಬೇಕಾದಾಗ ಮಂಡಳಿ ಅಂದಾಜುಪಟ್ಟಿ ಮಾಡಿ ಬಾಂಡ್ ಪ್ರಸ್ತಾವವನ್ನು ಮತಕ್ಕೆ ಹಾಕುತ್ತದೆ: ಇಷ್ಟು ಕೋಟಿ ಡಾಲರ್ ಸಾಲ ಎತ್ತುತ್ತೇವೆ, ಇಪ್ಪತ್ತು ವರ್ಷದಲ್ಲಿ ಬಡ್ಡಿಸಮೇತ ತೀರಿಸಲು ನಿಮ್ಮ ಮನೆ, ಜಮೀನಿನ ಮೇಲೆ ಹೆಚ್ಚುವರಿ ತೆರಿಗೆ ಬೀಳುತ್ತದೆ, ಒಪ್ಪಿಗೆಯೇ? ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಮೇಜಿನ ಮೇಲೆ ಕರೆಂಟ್ ಬಿಲ್ಲಿನ ಪಕ್ಕದಲ್ಲಿಟ್ಟುಕೊಂಡು ತೀರ್ಮಾನ ಮಾಡಬಹುದು. ಇದರಲ್ಲಿ ಒಂದು ತಮಾಷೆಯಿದೆ. ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ ಸಭೆ ಕರೆದು ಸೂರು ಸೋರುತ್ತಿದೆ ಎಂದು ವಿವರಿಸಬಹುದು, ಬಕೆಟ್ ಇಟ್ಟಿರುವ ಜಾಗ ತೋರಿಸಬಹುದು. ಆದರೆ ಸರ್ಕಾರಿ ಕಚೇರಿ, ಕೆಲಸದ ಸಮಯ ಬಳಸಿಕೊಂಡು ‘ದಯವಿಟ್ಟು ಹೌದು ಎನ್ನಿ’ ಎಂದು ಕೇಳುವಂತಿಲ್ಲ. ಕಾನೂನು ಬಿಡುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಚೆಂದ. ನಮ್ಮಲ್ಲಿ ಒಂದು ಕೊಠಡಿಗಾಗಿ ಎಸ್‌ಡಿಎಂಸಿ ಅಧ್ಯಕ್ಷರು ಅರ್ಜಿ ಹಿಡಿದು ಶಾಸಕರ ಮನೆ ಬಾಗಿಲಲ್ಲಿ ಕಾಯುವುದನ್ನು ಕಂಡವರಿಗೆ, ಊರಿನ ಶಾಲೆಯನ್ನು ಊರವರೇ ಮತ ಹಾಕಿ ಕಟ್ಟಿಕೊಳ್ಳುವುದು ರಾಮರಾಜ್ಯದ ಹಾಗೆ ಕಂಡೀತು. ನನಗೂ ಮೊದಲು ಹಾಗೇ ಕಂಡಿತ್ತು. ಲೆಕ್ಕ ಹಾಕಿ ನೋಡಿದ ಮೇಲೆ ಆ ಭ್ರಮೆ ಉಳಿಯಲಿಲ್ಲ.

ಬಾಂಡ್ ಗೆಲ್ಲಲು ಅರ್ಧಕ್ಕಿಂತ ಒಂದು ಮತ ಹೆಚ್ಚಿಗೆ ಬಂದರೆ ಸಾಲದು, ಶೇ. 60 ಬೇಕು. ಸಾಲದ್ದಕ್ಕೆ, ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದವರ ಸಂಖ್ಯೆಯ ಶೇ. 40ರಷ್ಟು ಮಂದಿಯಾದರೂ ಈ ಸಲ ಮತ ಹಾಕಿರಬೇಕು. ನೂರರಲ್ಲಿ 59 ಜನ ‘ಆಗಲಿ’ ಎಂದರೂ ಶಾಲೆ ಬಿದ್ದಂತೆಯೇ. ಬೇಡ ಎನ್ನುವ ಇಬ್ಬರಿಗೆ ಬೇಕು ಎನ್ನುವ ಮೂವರು ಸಮ. ಅಂದರೆ ಒಲ್ಲೆ ಎನ್ನುವವನ ಕೈಯಲ್ಲಿ ಒಂದೂವರೆ ಮತವಿದೆ. ಕ್ಯಾಥ್ಲಾಮೆಟ್ಟಿನಲ್ಲಿ 2020ರ ಬಾಂಡ್ ಸೋತಿತು.

ಹಾಗೆಂದು ಒಲ್ಲೆ ಎಂದವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಾಲದ ಕಂತು ವರ್ಷಕ್ಕೆ 15 ಲಕ್ಷ ಡಾಲರ್ ಎಂದಿಟ್ಟುಕೊಳ್ಳೋಣ. ಒಟ್ಟು ಆಸ್ತಿಮೌಲ್ಯ 50 ಕೋಟಿ ಡಾಲರ್ ಇರುವ ಬಡ ಜಿಲ್ಲೆಯಲ್ಲಿ ಸಾವಿರ ಡಾಲರಿಗೆ 3 ಡಾಲರ್ ತೆರಿಗೆ ಬೀಳುತ್ತದೆ. 3 ಲಕ್ಷದ ಮನೆಯವರು ವರ್ಷಕ್ಕೆ 900 ಡಾಲರ್ ತೆರಬೇಕು. ಆಸ್ತಿಮೌಲ್ಯ 5,000 ಕೋಟಿ ಇರುವ ಸಿರಿವಂತ ಜಿಲ್ಲೆಯಲ್ಲಿ ಅದೇ ಕಂತಿಗೆ 10 ಲಕ್ಷದ ಮನೆಯವರು ಕೊಡುವುದು 30 ಡಾಲರ್. ಒಬ್ಬರಿಗೆ ಒಂದು ಹೊತ್ತಿನ ಹೋಟೆಲ್ ಊಟ, ಇನ್ನೊಬ್ಬರಿಗೆ ಚಳಿಗಾಲದ ಹೀಟರ್ ಖರ್ಚು. ಇಬ್ಬರ ಮುಂದೆಯೂ ಒಂದೇ ಬಗೆಯ ಮತಪತ್ರ ಇಟ್ಟು, ‘ಶಿಕ್ಷಣದ ಮೇಲೆ ನಿಮಗೆಷ್ಟು ಪ್ರೀತಿ ಹೇಳಿ’ ಎನ್ನುವುದು ಯಾವ ನ್ಯಾಯ? ಇಲ್ಲಿ ಅಳೆಯುತ್ತಿರುವುದು ನೆಲದ ಬೆಲೆಯನ್ನು. ಅದರ ಮೇಲೆ, ಜಿಲ್ಲೆ ತನ್ನ ಆಸ್ತಿಮೌಲ್ಯದ ಶೇ. 5 ಮೀರಿ ಸಾಲ ಎತ್ತುವಂತಿಲ್ಲ. ನಮ್ಮ ಕಾಲ್ಪನಿಕ ಬಡ ಜಿಲ್ಲೆಗೆ 3 ಕೋಟಿಯ ಶಾಲೆ ಬೇಕಿದ್ದು, ನೂರಕ್ಕೆ ನೂರು ಮಂದಿ ಒಪ್ಪಿದರೂ ಸಾಲ ಎರಡೂವರೆ ಕೋಟಿಗೇ ನಿಲ್ಲುತ್ತದೆ.

ವಕೈಯಕಮ್‌ನ ಸುತ್ತಲೂ ಕಾಡು. ಸರ್ಕಾರಿ ಕಾಡಿಗೆ ಆಸ್ತಿ ತೆರಿಗೆ ಇಲ್ಲ; ಖಾಸಗಿ ಮರದ ತೋಪಿಗೆ ಕಾನೂನೇ ತೆರಿಗೆಗಾಗಿ ಕಡಿಮೆ ಬೆಲೆ ಕಟ್ಟಿದೆ. ಶಾಲೆಗಳಿಗೆಂದೇ ಮೀಸಲಾದ ರಾಜ್ಯದ ಟ್ರಸ್ಟ್ ಕಾಡುಗಳಲ್ಲಿ ಮರ ಕಡಿದ ಹಣ ಶಾಲಾ ಕಟ್ಟಡ ನಿಧಿಗೆ ಸೇರುತ್ತದೆ, ನಿಜ. ಕಟ್ಟಡಕ್ಕೆ ರಾಜ್ಯ ಕೊಡುವ ನೆರವಿನಲ್ಲಿ ಬಡ ಜಿಲ್ಲೆಗೆ ಪಾಲು ಹೆಚ್ಚು ಎಂಬುದೂ ನಿಜ, ಅದನ್ನು ಮರೆಮಾಚಬಾರದು. ಆದರೆ ಆ ನೆರವು ಸಿಗಬೇಕಾದರೆ ಊರು ಮೊದಲು ತನ್ನ ಪಾಲು ಹೊಂದಿಸಬೇಕು. ಬಾಂಡ್ ಸೋತ ಊರಿಗೆ ಪಾಲು ತರಲು ಹಣವೆಲ್ಲಿದೆ? ಹೊಂದಿಸಿದರೂ, ಚದರಡಿಗೆ ಇಷ್ಟೆಂದು ರಾಜ್ಯ ಒಪ್ಪುವ ದರಕ್ಕೂ ಗುತ್ತಿಗೆದಾರ ಕೇಳುವ ದರಕ್ಕೂ ಬಹಳ ದೂರ.

ನ್ಯಾಯಾಲಯ ಹೇಳಿದ್ದೇನು? ಎಲ್ಲ ಮಕ್ಕಳ ಶಿಕ್ಷಣಕ್ಕೆ ಧಾರಾಳ ಏರ್ಪಾಡು ಮಾಡುವುದು ರಾಜ್ಯದ ಪರಮ ಕರ್ತವ್ಯ ಎಂದು ವಾಷಿಂಗ್ಟನ್ ಸಂವಿಧಾನ ಸಾರುತ್ತದೆ. ಆ ಮಾತು ಹಿಡಿದೇ, ರಾಜ್ಯ ಶಾಲೆಗಳಿಗೆ ಸಾಕಷ್ಟು ಹಣ ಕೊಡುತ್ತಿಲ್ಲ ಎಂಬ 2012ರ ಮೆಕ್ಲಿಯರಿ ತೀರ್ಪು ಇದೇ ಕೋರ್ಟಿನಿಂದ ಬಂದಿತ್ತು. ಶಾಲೆಗಳಿಗೆ ಹಣ ಒದಗಿಸುವ ಸರಿಯಾದ ಯೋಜನೆ ಕೊಡದ ಸರ್ಕಾರಕ್ಕೆ ಕೋರ್ಟು 2015ರಿಂದ ದಿನಕ್ಕೆ ಒಂದು ಲಕ್ಷ ಡಾಲರ್ ದಂಡವನ್ನೂ ಹಾಕಿತ್ತು. ಅಷ್ಟು ಗಟ್ಟಿಯಾಗಿ ನಿಂತಿದ್ದ ಕೋರ್ಟು ಈ ಸಲ ಸಂವಿಧಾನದ ಇನ್ನೊಂದು ಕಲಮನ್ನು ತೋರಿಸಿತು: ಕಟ್ಟಡದ ಖರ್ಚು ಬೇರೆ ಬಾಬತ್ತು, ಅದು ರಾಜ್ಯ ಮತ್ತು ಊರು ಹಂಚಿಕೊಳ್ಳಬೇಕಾದದ್ದು. ಅಕ್ಷರ ಹಿಡಿದು ಓದಿದರೆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದರಿಂದ ಹೊರಟ ವ್ಯವಸ್ಥೆಯನ್ನು ಒಮ್ಮೆ ನೋಡಿ. ಮೇಷ್ಟ್ರ ಸಂಬಳ ರಾಜ್ಯದ ಕರ್ತವ್ಯ, ಮೇಷ್ಟ್ರ ತಲೆಯ ಮೇಲಿನ ಸೂರು ನೆರೆಹೊರೆಯವರ ಮರ್ಜಿ.

ಇದು ದೂರದ ಕತೆ ಎನ್ನುವವರಿಗೊಂದು ಮಾತು. ಅದೇ ರಾಜ್ಯದ ಬೆಲ್‌ವ್ಯೂ, ರೆಡ್ಮಂಡ್ ಕಡೆ ಮೈಕ್ರೋಸಾಫ್ಟ್, ಅಮೆಜಾನ್ ಕೆಲಸದಲ್ಲಿರುವ ಕನ್ನಡದ ಮನೆಗಳು ಸಾಕಷ್ಟಿವೆ. ಅಲ್ಲಿ ಮನೆ ಕೊಂಡವರು ಬಾಂಡ್ ತೆರಿಗೆ ಕಟ್ಟುತ್ತಾರೆ. ಎಚ್-1ಬಿ ವೀಸಾದಲ್ಲಿದ್ದರೆ ಮತ ಹಾಕುವಂತಿಲ್ಲ. ತೆರಿಗೆ ಕಟ್ಟುವವರ ಒಪ್ಪಿಗೆಗಾಗಿಯೇ ಶೇ. 60 ಎಂಬ ಸಮರ್ಥನೆ ಅಲ್ಲಿಯೇ ಸಡಿಲವಾಗುತ್ತದೆ.

ಶೇ. 60ನ್ನು ಇಳಿಸಬೇಕೆಂಬ ಪ್ರಯತ್ನಗಳು ನಡೆದಿವೆ. ಅದಕ್ಕೆ ಸಂವಿಧಾನವನ್ನೇ ತಿದ್ದಬೇಕು. ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಸಿಗಬೇಕು, ಆಮೇಲೆ ಜನರ ಮತ. ಆ ಜನಮತಕ್ಕೆ ಮಾತ್ರ ಸರಳ ಬಹುಮತ ಸಾಕು. 2007ರಲ್ಲಿ ಶಾಲೆಗಳ ದೈನಂದಿನ ಖರ್ಚಿನ ತೆರಿಗೆಗೆ ಇದ್ದ ಶೇ. 60ರ ಷರತ್ತನ್ನು ಹೀಗೆಯೇ ತೆಗೆದರು, ಕಟ್ಟಡದ ಬಾಂಡಿನದನ್ನು ಹಾಗೇ ಬಿಟ್ಟರು. ಆ ತಿದ್ದುಪಡಿ ಗೆದ್ದದ್ದು ಶೇ. 51ಕ್ಕೂ ಕಡಿಮೆ ಮತದಲ್ಲಿ. ಅಷ್ಟು ಮತಕ್ಕೆ ಕ್ಯಾಥ್ಲಾಮೆಟ್ಟಿನಲ್ಲಿ ಒಂದು ಶಾಲೆಯ ಬಚ್ಚಲನ್ನೂ ಬಾಂಡಿನ ದುಡ್ಡಿನಲ್ಲಿ ಕಟ್ಟಲಾಗುವುದಿಲ್ಲ.