‘ಮಾಡಿದೆವು’ ಅಂದವರು, ಮಾಡಿದವರು

2020ರ ಯುಗಾದಿಯ ದಿನವೇ, ಮಾರ್ಚ್ 25ರಂದು, ಕೋವಿಡ್‌ನಿಂದಾಗಿ ಇಡೀ ದೇಶಕ್ಕೆ ಬೀಗ ಬಿತ್ತು. ಅಲ್ಲಿಂದ ಮುಂದಿನ ಯುಗಾದಿಯವರೆಗಿನ ವರ್ಷದಲ್ಲಿ ನಾನು ಕಂಡಂತೆ ಹೆಚ್ಚು ಮೆಚ್ಚುಗೆ ಪಡೆದದ್ದು ಕಥೆಯಲ್ಲ, ಕವಿತೆಯಲ್ಲ, ಊರಿಗೆ ಮರಳಿದವರ ಪ್ರಬಂಧ. ಚದುರಿಹೋಗಿದ್ದ ಕೂಡುಕುಟುಂಬ ಮತ್ತೆ ಕೂಡಿದ್ದು, ಅಟ್ಟದಿಂದ ಚೆನ್ನೆಮಣೆ ಇಳಿದದ್ದು, ಅಂಗಳದಲ್ಲಿ ಹಪ್ಪಳ ಒಣಗಿದ್ದು, ಎಲ್ಲ ಅದರಲ್ಲಿ ಬಂತು. ಲಲಿತ ಪ್ರಬಂಧಕ್ಕೆ ಮರುಜೀವ ಬಂತೆಂದು ಬಲ್ಲವರೂ ಹೇಳಿದರು. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ತಕರಾರು.

ಈ ಬರಹಗಳಲ್ಲಿ ಗುಣವೇ ಇಲ್ಲವೆಂದಲ್ಲ. ಕಡೆಗೋಲು, ಮೊರ, ಒನಕೆ ಎಂಬ ಮಾತುಗಳು ಎಷ್ಟೋ ದಿನಗಳ ಮೇಲೆ ಅಚ್ಚಿನಲ್ಲಿ ಕಂಡವು. ಅಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ.

ನನ್ನನ್ನು ಕಾಡಿದ್ದು ಒಂದು ವಾಕ್ಯ. ಮಾತು ಕೊಂಚ ಆಚೀಚೆಯಾಗಿ ಇಂಥ ಪ್ರಬಂಧಗಳಲ್ಲೆಲ್ಲ ಬರುತ್ತದೆ: ಎಲ್ಲರೂ ಸೇರಿ ಹಲಸಿನ ಹಪ್ಪಳ ಮಾಡಿದೆವು. ಕನ್ನಡದಲ್ಲಿ ‘ನಾವು’ ಎಂದು ಬಿಡಿಸಿ ಹೇಳಬೇಕಿಲ್ಲ, ಕ್ರಿಯಾಪದದ ಕೊನೆಯ ‘ಎವು’ ಸಾಕು. ತುಳುವಿನಲ್ಲಾದರೆ ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ನಮ್ಮ ‘ಎವು’ಗೆ ಆ ಭೇದವಿಲ್ಲ, ಯಾರನ್ನೂ ಒಳಗೆ ಎಳೆದುಕೊಳ್ಳುತ್ತದೆ, ಯಾರ ಹೆಸರನ್ನೂ ಕೇಳುವುದಿಲ್ಲ.

ಹಪ್ಪಳದ ಕೆಲಸ ಏನೆಂದು ನೋಡಿ. ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಬೇಕು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೊಯ್ಯಬೇಕು, ಒಸರುವ ಮೇಣ ಒರೆಸಬೇಕು. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಬೇಕು. ಬಿಸಿಯಿರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ಕುಟ್ಟಬೇಕು, ಆರಿದರೆ ಹದ ತಪ್ಪುತ್ತದೆ. ಆಮೇಲೆ ಉಂಡೆ ಕಟ್ಟಿ ಮಣೆಯಲ್ಲಿ ಒತ್ತುವುದು. ಎಲ್ಲರೂ ಸೇರುವುದು ಇಲ್ಲಿ, ನಗು, ಹಾಡು, ಮಕ್ಕಳ ಗಲಾಟೆ, ಫೋಟೊ ಎಲ್ಲ ಇಲ್ಲಿನದೇ. ಅದು ಒಂದು ಗಂಟೆ. ಬಳಿಕ ಚಾಪೆಯ ಮೇಲೆ ಹರವಿ, ಮಗುಚಿ, ಮಧ್ಯಾಹ್ನದ ನಂತರ ಮೋಡ ಕಟ್ಟಿದರೆ ಓಡಿಹೋಗಿ ಎತ್ತಿ, ಮರುದಿನ ಮತ್ತೆ ಹರವಬೇಕು. ನಮ್ಮ ‘ಎವು’ ನಿಜವಾಗುವುದು ಆ ಒಂದು ಗಂಟೆಯ ಮಟ್ಟಿಗೆ. ಉಳಿದದ್ದಕ್ಕೆಲ್ಲ ಏಕವಚನ ಬೇಕು, ಅದೂ ಸ್ತ್ರೀಲಿಂಗದ್ದು.

ಶಿರಸಿ ತಾಲ್ಲೂಕಿನ ಅಣ್ಣನ ಮನೆಗೆ ನಾನೂ ಮಾರ್ಚ್ 21ರ ರಾತ್ರಿ ಬಸ್ಸಿಗೆ ಹೋದವನು. ಮೂವರಿದ್ದ ಮನೆಯಲ್ಲಿ ಹನ್ನೊಂದು ಜನರಾದೆವು. ಮುಸುರೆ ತಿಕ್ಕಲು ಬರುತ್ತಿದ್ದ ಹೆಂಗಸಿಗೆ, ಸದ್ಯ ಬರಬೇಡ ಎಂದು ಹೇಳಿದ್ದಾಗಿತ್ತು. ಅತ್ತಿಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ಒಲೆಯ ಎದುರಿಗೆ. ನಾವು ಜಗುಲಿಯಲ್ಲಿ ಕೂತು, ಮನೆ ತುಂಬಿದೆ ಎಂದು ಸಂತೋಷಪಟ್ಟೆವು. ಆ ಸಂತೋಷ ಸುಳ್ಳಲ್ಲ. ಅದನ್ನು ಬರೆದವರು ಜಗುಲಿಯಿಂದ ಎದ್ದು ಒಳಗೆ ಹೋಗಿ ನೋಡಲಿಲ್ಲ ಎನ್ನುವುದಷ್ಟೇ ನನ್ನ ದೂರು.

ಮನೆಯ ‘ನಾವು’ ಊರಿಗೂ ಹಬ್ಬುತ್ತದೆ: ಊರು ನಮ್ಮನ್ನು ಕಾಯಿತು. ಯಾರನ್ನು? ಅದೇ ತಿಂಗಳು ಎಷ್ಟೋ ಊರುಗಳ ದಾರಿಗೆ ಮುಳ್ಳು ಬಡಿದಿದ್ದರು, ಕೆಲವೆಡೆ ರಸ್ತೆಯನ್ನೇ ಅಗೆದಿದ್ದರು. ಬೆಂಗಳೂರಿಗೆ ಗುಳೆ ಹೋಗಿದ್ದವರು ಗಂಟುಮೂಟೆ ಹೊತ್ತು ರಾಯಚೂರು, ಕಲಬುರಗಿ ಕಡೆಗೆ ನಡೆದರು. ಮೇ 5ರಂದು ಕಟ್ಟಡ ಉದ್ಯಮಿಗಳ ಜೊತೆ ಸಭೆ ಮುಗಿಸಿದ ರಾಜ್ಯ ಸರ್ಕಾರ, ಹೊರರಾಜ್ಯದ ಕಾರ್ಮಿಕರನ್ನು ಅವರ ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ಬೇಡವೆಂದಿತು, ಟೀಕೆ ಎದ್ದ ಮೇಲೆ ಆ ಮಾತು ಹಿಂದೆ ತೆಗೆದುಕೊಂಡಿತು. ಇದು ಆ ಪ್ರಬಂಧಗಳಲ್ಲಿ ಇಣುಕುವುದೂ ಇಲ್ಲ.

ಇಲ್ಲಿ ವಿಮರ್ಶಕ ಮಿತ್ರರು ಎರಡು ಮಾತು ಮುಂದಿಡುತ್ತಾರೆ. ಮೊದಲನೆಯದು, ಲಲಿತ ಪ್ರಬಂಧದ ಹಗುರ ಮೈಗೆ ಇಷ್ಟು ಭಾರ ಹೊರಿಸಬೇಡಿ ಎಂಬುದು. ಗೊರೂರರ ‘ಹಳ್ಳಿಯ ಚಿತ್ರಗಳು’ ಹಗುರಾಗಿಯೇ ಇದೆ, ಆದರೂ ಅಲ್ಲಿ ಮನುಷ್ಯರು ಗುಂಪಾಗಿ ಕರಗಿಹೋಗುವುದಿಲ್ಲ. ಹಗುರವಾಗಿ ಬರೆಯಲು ಯಾರನ್ನೂ ಅಳಿಸಬೇಕಿಲ್ಲ.

ಎರಡನೆಯದು ಹೆಚ್ಚು ಗಟ್ಟಿ ಎನಿಸುವಂಥದ್ದು: ಮಹಾಮಾರಿಯ ಬಗ್ಗೆ ಬರೆಯಲು ಕಾಲ ಮಾಗಬೇಕು, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ನೋಡಿ. 1965ರ ಆ ಕಾದಂಬರಿಯಲ್ಲಿ ಪ್ಲೇಗು ಇದೆ, ನಿಜ. ಆದರೆ ಆ ಕೃತಿಯನ್ನು ಎತ್ತಿಹಿಡಿದದ್ದು ಕಾಲದ ದೂರ ಎಂದು ನನಗನಿಸುವುದಿಲ್ಲ. ಅಗ್ರಹಾರದಲ್ಲಿ ಸತ್ತ ನಾರಣಪ್ಪನ ಹೆಣ ಎತ್ತುವವರು ಯಾರು ಎಂಬ ಪ್ರಶ್ನೆಯನ್ನು ಅನಂತಮೂರ್ತಿ ಬಿಡಲೇ ಇಲ್ಲ. ಅಗ್ರಹಾರದ ಗಂಡಸರು ಧರ್ಮಸೂಕ್ಷ್ಮ ಚರ್ಚಿಸುತ್ತಿರುವಾಗ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತಂದು ದಹನ ಮುಗಿಸಿ ಹೊರಟುಬಿಡುತ್ತಾಳೆ. ‘ಎಲ್ಲರೂ ಸೇರಿ ಸಂಸ್ಕಾರ ಮಾಡಿದೆವು’ ಎಂಬ ವಾಕ್ಯಕ್ಕೆ ಅಲ್ಲಿ ಜಾಗವೇ ಇಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತಳಮಳಕ್ಕೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶೆ ಆ ರಾತ್ರಿಯ ಗಾಡಿ, ಸೌದೆ, ಅದನ್ನು ಒಟ್ಟಿದ ಕೈಗಳ ಹತ್ತಿರ ನಿಂತದ್ದು ಕಡಿಮೆ. ಹಾಗೆ ಓದಲು ಕಲಿಸಿದವರೇ ಹಪ್ಪಳದ ಪ್ರಬಂಧವನ್ನೂ ಹಾಗೆಯೇ ಓದಿ ಮೆಚ್ಚಿದರು.

ಕಾಲ ಮಾಗುವವರೆಗೆ ಕಾಯಬೇಕಿಲ್ಲ ಎನ್ನಲು ನನ್ನ ಬಳಿ ಒಂದು ಪುರಾವೆ ಇದೆ. ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ನೇತುಹಾಕಿದ 2020ರ ಕ್ಯಾಲೆಂಡರ್ ಅದು. ಮೇ ತಿಂಗಳ ಚೌಕಗಳಲ್ಲಿ ಅತ್ತಿಗೆಯ ಪೆನ್ಸಿಲ್ ಬರಹವಿದೆ. 4ಕ್ಕೆ, ಸಿಲಿಂಡರ್ ಹಚ್ಚಿದ್ದು. 11ಕ್ಕೆ, ಹಲಸು 9, ಹಪ್ಪಳ 612, ಸಂಜೆ ಮಳೆ. 20ಕ್ಕೆ, ಸಿಲಿಂಡರ್ ಮುಗಿಯಿತು. ಆ ಮನೆಯಲ್ಲಿ ಒಂದು ಸಿಲಿಂಡರ್ ಎರಡು ತಿಂಗಳು ಬರುತ್ತಿತ್ತು. ಹನ್ನೊಂದು ಜನ ಕೂಡಿ ಬಾಳಿದ್ದು ಹೇಗೆಂದು ತಿಳಿಯಲು ಆ ವರ್ಷ ಓದಿದ ಯಾವ ಪ್ರಬಂಧಕ್ಕಿಂತ ನನಗೆ ಈ ಹದಿನಾರು ದಿನ ಹೆಚ್ಚು ನೆರವಾಯಿತು. 31ರ ಚೌಕದಲ್ಲಿ, ನಾವು ಬರಬೇಡ ಎಂದಿದ್ದ ಆ ಹೆಂಗಸಿನ ಹೆಸರು, ಮುಂದೆ ‘ಎರಡು ತಿಂಗಳದ್ದು ಕೊಡಬೇಕು’ ಎಂದಿದೆ. ಪುಟ ಮಗುಚಿದರೆ ಜೂನ್ 3ಕ್ಕೆ ಅದೇ ಹೆಸರು, ಅದರ ಪಕ್ಕ ‘ಕೊಟ್ಟಾಯಿತು’.