ಮೀನು ಹಿಡಿದ ಕೈ

ಮೀನು ಹಿಡಿದವನ ಫೋಟೋಗೆ ವನ್ಯಜೀವಿ ಛಾಯಾಗ್ರಹಣದಲ್ಲಿ ಜಾಗವಿಲ್ಲ ಎಂಬ ತೀರ್ಪು ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಈಗ ಅದನ್ನು ವಾದಿಸುವ ಗೋಜಿಗೂ ಯಾರೂ ಹೋಗುವುದಿಲ್ಲ. ಹುಲಿಯ ಚಿತ್ರ ಕಲೆ, ಹಕ್ಕಿಯ ಚಿತ್ರ ಕಲೆ, ಮಂಜಿನಲ್ಲಿ ನಿಂತ ಕಾಟಿಯ ಚಿತ್ರವೂ ಕಲೆ. ಮೊಣಕಾಲುದ್ದ ನೀರಲ್ಲಿ ಕುಳಿತು ಮಹಸೀರ್ ಎತ್ತಿ ಹಿಡಿದವನ ಚಿತ್ರ ಮಾತ್ರ ಜಂಬ. ಈಚೆಗೆ ಇಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯ ಕನ್ನಡ ಗೆಳೆಯರ ಕೂಟದಲ್ಲೂ ಅದೇ ಮಾತು ಬಂತು. 'ಬಂದೂಕು ಹೋಗಿ ಕ್ಯಾಮೆರಾ ಬಂತು, ಬೇಟೆಗಾರ ಹಾಗೇ ಉಳಿದ' ಎಂದರು ಒಬ್ಬರು. ಅವರು ಚೆನ್ನಾಗಿ ಓದಿಕೊಂಡವರು, ತೇಜಸ್ವಿಯವರ ಪುಟಗಳನ್ನು ಬಾಯಿಪಾಠ ಹೇಳಬಲ್ಲವರು. ತೇಜಸ್ವಿಯನ್ನು ಓದಿದವರ ಬಾಯಲ್ಲಿ ಈ ಮಾತು ಬಂತಲ್ಲ ಎಂಬ ಸಂಕಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ತೀರ್ಪಿನ ಬೇರು ಬೆಂಗಳೂರಿನ ಛಾಯಾಗ್ರಹಣ ಪರಂಪರೆಯಲ್ಲಿದೆ. ಓ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ: ಇವರ ತಾಳ್ಮೆಗೆ, ಬೆಳಕನ್ನು ಓದುವ ಕಣ್ಣಿಗೆ ತಲೆಬಾಗದವರು ಈ ದೇಶದಲ್ಲಿ ಕ್ಯಾಮೆರಾ ಹಿಡಿಯಬಾರದು. ಆದರೆ ಅವರು ಬೆಳೆದದ್ದು ಸಲೋನ್ ಸ್ಪರ್ಧೆಗಳ ಕಾಲದಲ್ಲಿ. ಆ ಸ್ಪರ್ಧೆಗಳ 'ನೇಚರ್' ವಿಭಾಗಕ್ಕೆ ಒಂದು ಕಟ್ಟುಪಾಡಿದೆ: ಚಿತ್ರದಲ್ಲಿ ಮನುಷ್ಯನ ಕೈಯ ಗುರುತು ಕಾಣಕೂಡದು. ಕೆಲವು ವಿನಾಯಿತಿಗಳಿದ್ದರೂ ಬೇಲಿ ಕಂಡರೆ ಅನುಮಾನ, ತಂತಿ ಕಂಡರೆ ಅನುಮಾನ, ಮನುಷ್ಯ ಕಂಡರಂತೂ ಚಿತ್ರ ಹೊರಕ್ಕೆ. ಸ್ಪರ್ಧೆಗೆ ಇಂಥ ನಿಯಮ ಬೇಕಿತ್ತೇನೋ. ಅದು ಬರಬರುತ್ತಾ ನಮ್ಮ ಅಭಿರುಚಿಯ ನಿಯಮವೂ ಆಗಿಬಿಟ್ಟಿತು. ಬಿಳಿಗಿರಿರಂಗನ ಬೆಟ್ಟದ ಕಾಡು ತೋರಿಸಿ ಸೋಲಿಗರನ್ನು ತೋರಿಸದ, ನಾಗರಹೊಳೆ ತೋರಿಸಿ ಜೇನುಕುರುಬರನ್ನು ತೋರಿಸದ ಚಿತ್ರಗಳನ್ನು ನೋಡಿ ನೋಡಿ, ಕಾಡು ಎಂದರೆ ಜನರಿಲ್ಲದ ಜಾಗ ಎಂದು ಎರಡು ತಲೆಮಾರು ನಂಬಿತು.

ಈ ನಿಯಮವನ್ನು ಮೀನಿಗೆ ಹಚ್ಚಿ ನೋಡಿ. ಹಕ್ಕಿ ಕೊಂಬೆಯ ಮೇಲೆ ಕೂರುತ್ತದೆ. ಮರೆಯಲ್ಲಿ ಕೂತು ದೊಡ್ಡ ಲೆನ್ಸ್ ಹಚ್ಚಿದರೆ ಅದರ ಕಣ್ಣಿನ ಉಂಗುರವೂ ಸಿಗುತ್ತದೆ. ಕಾವೇರಿಯ ಮೀನು ಎಲ್ಲಿ ಕೂರಬೇಕು? ಮುಂಗಾರು ಹಿಡಿದ ಮೇಲೆ ಮುತ್ತತ್ತಿ, ಸಂಗಮದ ಕಡೆಯ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲೂ ಬಂಡೆಗಳ ನಡುವಿನ ಮಡುವಿನ ತಳದಲ್ಲಿ ಏನಿದೆ ಎಂದು ದಡದಿಂದ ಕಾಣದು. ಅಲ್ಲಿ ಐವತ್ತು ಕಿಲೋ ತೂಗಬಲ್ಲ ಜೀವವೊಂದಿದೆ ಎಂದು ಜಗತ್ತಿಗೆ ಗೊತ್ತಾದದ್ದು ಗಾಳದಿಂದ, ಬಲೆಯಿಂದ, ಅಂದರೆ ಕೈಯಿಂದ. ಆ ಮೀನಿನ ಮಟ್ಟಿಗೆ ಕೈಯಿಲ್ಲದ ಚಿತ್ರವೆಂದರೆ ಚಿತ್ರವೇ ಇಲ್ಲ ಎಂದರ್ಥ. ಹೀಗಿರುವಾಗ ಕೈ ಕಂಡಿತೆಂದು ಚಿತ್ರವನ್ನು ಹೊರಗಿಡುವುದು ಮೀನನ್ನೇ ವನ್ಯಜೀವಿಗಳ ಸಾಲಿನಿಂದ ಹೊರಗಿಟ್ಟಂತೆ. ನಾವು ಮಾಡಿರುವುದೂ ಅದನ್ನೇ.

ನಾನು ಮೆಚ್ಚುವ ಬಗೆಯ ಚಿತ್ರ ಹೇಗಿರುತ್ತದೆಂದು ಹೇಳುತ್ತೇನೆ. ಬಂಡೆಯ ಪಕ್ಕದ ತಿಳಿನೀರು. ಗಾಳಗಾರ ಸೊಂಟದವರೆಗೆ ತೋಯ್ದು ಕುಳಿತಿದ್ದಾನೆ, ಮೊಣಕೈ ಮಡಿಚಿ ಮೀನನ್ನು ಮೈಗೆ ಹತ್ತಿರವಾಗಿ ಹಿಡಿದಿದ್ದಾನೆ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಹೊಟ್ಟೆಯಡಿ. ಅರ್ಧ ಮೈ ಇನ್ನೂ ನೀರಲ್ಲೇ ಇದೆ. ಅಂಗೈಯಗಲದ ಹುರುಪೆಗಳ ಅಂಚಿನಲ್ಲಿ ಕಂಚಿನ ಹೊಳಪು, ತಲೆಯ ಹಿಂದೆ ಎದ್ದ ಗೂನು, ಕಿತ್ತಳೆ ರೆಕ್ಕೆ. ಪಕ್ಕದಲ್ಲಿ ಹರಿಗೋಲಿನವನು ನಿಂತಿದ್ದಾನೆ. ಅವನು ಕ್ಯಾಮೆರಾ ನೋಡುತ್ತಿಲ್ಲ, ಮೀನಿನ ಕಿವಿರು ನೋಡುತ್ತಿದ್ದಾನೆ. ಎಷ್ಟು ಹೊತ್ತು ಹಿಡಿದಿರಬಹುದು, ಯಾವಾಗ ಬಿಡಬೇಕು ಎಂಬ ಲೆಕ್ಕ ಅವನದು. ಮುಳ್ಳಿಗೆ ಕಟ್ಟಿದ ರಾಗಿ ಮುದ್ದೆಯ ಹದವೂ ಅವನದೇ. ಈ ಚಿತ್ರದಲ್ಲಿ ಅಳತೆಯಿದೆ, ಏಕೆಂದರೆ ಮನುಷ್ಯನ ಅಂಗೈ ಇದೆ. ಬಂಡೆ, ನೀರಿನ ಮಟ್ಟ, ಬಿಸಿಲಿನ ಓರೆ ಎಲ್ಲ ಸೇರಿ ಜಾಗ, ಕಾಲ ಎರಡನ್ನೂ ಹೇಳುತ್ತವೆ. ಕೊಂಬೆಯ ಮೇಲಿನ ಮಿಂಚುಳ್ಳಿಯ ಹಿಂದೆ ಹಸಿರು ಮಸುಕು ಮಾಡಿ ತೆಗೆದ ನೂರು ಬಹುಮಾನಿತ ಚಿತ್ರಗಳಲ್ಲಿ ಇಷ್ಟು ಸುದ್ದಿಯಿಲ್ಲ.

ಎಲ್ಲ ಮೀನಿನ ಫೋಟೋಗಳೂ ಹೀಗಿಲ್ಲ, ಹೌದು. ತೋಳು ನೀಳವಾಗಿ ಲೆನ್ಸ್ ಕಡೆಗೆ ಚಾಚಿ ಎರಡು ಕಿಲೋ ಮೀನನ್ನು ಹತ್ತು ಕಿಲೋ ಮಾಡುವವರಿದ್ದಾರೆ. ಅದು ಸುಳ್ಳು, ಅದನ್ನು ಸಮರ್ಥಿಸಲಾರೆ. ಅದಕ್ಕಿಂತ ನನಗೆ ಸಹಿಸಲಾಗದ್ದು ಟಿವಿಯಲ್ಲಿ 2009ರಿಂದ ಬಂದ 'ರಿವರ್ ಮಾನ್‌ಸ್ಟರ್ಸ್' ಬಗೆ. ಜೆರೆಮಿ ವೇಡ್ ದೊಡ್ಡ ಗಾಳಗಾರ. ಎಂಬತ್ತರ ದಶಕದ ಮೊದಲಲ್ಲೇ ನಮ್ಮ ನದಿಗಳಿಗೆ ಬಂದವರು. ಅಂಥವರ ಕೈಗೆ ಸಿಕ್ಕ ಮೀನನ್ನೂ ಆ ಸರಣಿ ರಾಕ್ಷಸನೆಂದೇ ಪರಿಚಯಿಸಿತು. ಭಯ ಹುಟ್ಟಿಸಿ ಕೊನೆಗೆ ಮೀನು ತೋರಿಸುವ ಆ ಕ್ರಮದಿಂದ ನದಿಯ ಮೇಲೆ ಯಾರಿಗೂ ಮೋಹ ಹುಟ್ಟದು. ಅದಕ್ಕೆ ತದ್ವಿರುದ್ಧವಾಗಿ, 1944ರಲ್ಲಿ ಬಂದ ಜಿಮ್ ಕಾರ್ಬೆಟ್ ಪುಸ್ತಕದಲ್ಲಿ, ಕುಮಾವೊನ್ ನರಭಕ್ಷಕಗಳ ನಡುವೆ, ಕನಸಿನ ಮೀನಿನ ಬಗ್ಗೆ ಒಂದು ಪುಟ್ಟ ಅಧ್ಯಾಯವಿದೆ. ಹುಲಿಗಳ ಕಥೆಗಿಂತ ನನ್ನನ್ನು ಹಿಡಿದದ್ದು ಅದು. ಮೀನಿಗಿಂತ ಹೊಳೆಯೇ ಅಲ್ಲಿ ಹೆಚ್ಚು.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯ ಮಹಸೀರ್. ಅದು ಕೊಲ್ಲುವ ಕಾಲ. ಮನೆತನದ ಕಸುಬೇ ಸತ್ತ ಪ್ರಾಣಿಗಳನ್ನು ಜೀವಂತವೆಂಬಂತೆ ನಿಲ್ಲಿಸುವುದು. ನಮ್ಮ ವಿಮರ್ಶಕರ ಕಣ್ಣಲ್ಲಿ ಮೀನಿನ ಫೋಟೋ ಅಲ್ಲೇ ನಿಂತುಬಿಟ್ಟಿದೆ. ಎಪ್ಪತ್ತರ ದಶಕದ ಕೊನೆಗೆ ಬ್ರಿಟನ್ನಿನ ಗಾಳಗಾರರ ತಂಡವೊಂದು ಕಾವೇರಿಗೆ ಬಂದು ಈ ಮೀನು ಇನ್ನೂ ಉಳಿದಿದೆಯೆಂದು ಜಗತ್ತಿಗೆ ಹೇಳಿದ ಮೇಲೆ ಕಥೆ ಬದಲಾಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಗಳಲ್ಲಿ ಹಿಡಿದು, ತೂಗಿ, ಫೋಟೋ ತೆಗೆದು, ಬಿಡುವ ಪದ್ಧತಿ ಬಂತು. ಮೀನಿಗೆ ಡೈನಮೈಟ್ ಹಾಕುತ್ತಿದ್ದ ನೀರಿಗೆ ಕಾವಲು ಬಂತು, ದಡದ ಹಳ್ಳಿಯವರಿಗೆ ಅದರಲ್ಲೇ ಕೆಲಸವೂ ಸಿಕ್ಕಿತು.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಕೂಡಿಸಿ ನೋಡಿದರು. ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳ ಲೆಕ್ಕ ಅದು. ಅದರಿಂದ ತಿಳಿದ ಸುದ್ದಿ ಎದೆ ನಡುಗಿಸುವಂಥದು: ಮೀನು ಹೆಚ್ಚುತ್ತಿದೆ, ಆದರೆ ಹೆಚ್ಚುತ್ತಿರುವುದು ನೀಲಿ ರೆಕ್ಕೆಯದು, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೀನು ಕಣ್ಮರೆಯಾಗುತ್ತಿದೆ. ನೀಲಿ ರೆಕ್ಕೆಯದು ಲೋಣಾವಳದ ಮರಿಕೇಂದ್ರದಿಂದ ಬಂದು ಕಾವೇರಿಗೆ ಬಿದ್ದದ್ದು. ಮೀನು ಹೆಚ್ಚಲಿ ಎಂದು ಮರಿ ಬಿಟ್ಟವರ ಪ್ರೀತಿಯೇ ಹಳೆಯ ಮೀನಿಗೆ ಮುಳುವಾಯಿತು. ಗಾಳಗಾರರೂ ಆ ಪ್ರೀತಿಯಲ್ಲಿ ಪಾಲುದಾರರು. ಆದರೆ ಮುಳುವಾಗಿದೆ ಎಂದು ಮೊದಲು ತೋರಿಸಿಕೊಟ್ಟದ್ದೂ ಅವರ ಪುಸ್ತಕ, ಅವರ ಫೋಟೋಗಳೇ. 'ಜಂಬದ ಚಿತ್ರ'ಗಳಲ್ಲಿದ್ದ ರೆಕ್ಕೆಯ ಬಣ್ಣ ಸಾಕ್ಷಿಯಾಯಿತು. ನೂರೈವತ್ತು ವರ್ಷ ಗಾಳಗಾರರು ಹೊಗಳಿದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಗೊತ್ತಾದದ್ದು 2018ರಲ್ಲಿ, ಮೋಯಾರ್ ಹೊಳೆಯ ಮೀನುಗಳನ್ನು ನೋಡಿದ ಮೇಲೆ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಕಾವೇರಿ ಅಭಯಾರಣ್ಯದಲ್ಲಿ ಗಾಳ ನಿಂತ ಮೇಲೆ ಗಾಳಿಬೋರೆಯ ಆ ಪುಸ್ತಕವೂ ನಿಂತಿದೆ. ಹುಲಿಯ ಯಾವ ಸುಂದರ ಚಿತ್ರ ಇಷ್ಟು ಕೆಲಸ ಮಾಡಿದೆ ಎಂದು ನನಗೆ ಯಾರಾದರೂ ಹೇಳಲಿ.

ಈಗ ತೇಜಸ್ವಿ. ಅವರ ಗಾಳವನ್ನು ನಮ್ಮ ವಿಮರ್ಶೆ ಒಂದು ಹವ್ಯಾಸವೆಂದು ಅಡಿಟಿಪ್ಪಣಿಗೆ ತಳ್ಳಿದೆ: ಕಾದಂಬರಿಕಾರ, ಚಿಂತಕ, ಹಕ್ಕಿಗಳ ಛಾಯಾಗ್ರಾಹಕ, 'ಜೊತೆಗೆ ಮೀನನ್ನೂ ಹಿಡಿಯುತ್ತಿದ್ದರು'. ಈ 'ಜೊತೆಗೆ' ನನಗೆ ಒಪ್ಪಿಗೆಯಿಲ್ಲ. ಮೂಡಿಗೆರೆಯಲ್ಲಿ ಅವರು ಕಲಿತ ನೋಟ ಗಾಳಗಾರನ ನೋಟ. ಗಂಟೆಗಟ್ಟಲೆ ನೀರು ನೋಡುತ್ತ ಕೂರುವುದು, ಏನೂ ಸಿಗದೆ ಎದ್ದು ಬರುವುದನ್ನು ಸೋಲೆಂದು ಎಣಿಸದಿರುವುದು, ಸಿದ್ಧಾಂತಕ್ಕಿಂತ ಮೊದಲು ಎರೆಹುಳದ ಬಗ್ಗೆ ಕೇಳುವುದು. 'ಕರ್ವಾಲೋ' ಕಾದಂಬರಿಯ ಹಾರುವ ಓತಿಯನ್ನು ನೆನೆಸಿಕೊಳ್ಳಿ. ಹುಡುಕಾಟವೆಲ್ಲ ಮುಗಿದು ಕಣ್ಣೆದುರು ಬಂದ ಜೀವ ಕೈಗೆ ಸಿಗದೆ ಕಣಿವೆಗೆ ಜಾರಿಹೋಗುತ್ತದೆ. ಬಂದ ಮೀನು ದಡದ ಹತ್ತಿರ ದಾರ ಕಡಿದು ಹೋದದ್ದನ್ನು ಅನುಭವಿಸಿದವನಿಗಲ್ಲದೆ ಬೇರೆಯವರಿಗೆ ಇಂಥ ಮುಕ್ತಾಯ ಹೊಳೆಯದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಕಾದಂಬರಿಯಲ್ಲಿ ಛಾಯಾಗ್ರಾಹಕ ಪ್ರಭಾಕರನೂ ಇದ್ದಾನೆ, ಕಾಡನ್ನು ಕೈಯಿಂದ ಬಲ್ಲ ಮಂದಣ್ಣನೂ ಇದ್ದಾನೆ. ಮಂದಣ್ಣನಿಲ್ಲದೆ ವಿಜ್ಞಾನಿ ಕರ್ವಾಲೋಗೂ ಪ್ರಭಾಕರನಿಗೂ ಓತಿಯ ದಾರಿ ಸಿಗದು. ವಿಮರ್ಶಕರು ನಲವತ್ತು ವರ್ಷಗಳಿಂದ ಮಂದಣ್ಣನನ್ನು ಕೊಂಡಾಡಿದ್ದಾರೆ. ಮೀನಿನ ಫೋಟೋದಲ್ಲಿ ಮೀನಿನ ಪಕ್ಕ ನಿಂತ ಹರಿಗೋಲಿನವನು ಅದೇ ಮಂದಣ್ಣ. ಅವನನ್ನು ಚಿತ್ರದಿಂದ ಕತ್ತರಿಸಬೇಕು ಎನ್ನುವವರು ಕಾದಂಬರಿಯಲ್ಲಿ ಅವನನ್ನು ಯಾಕೆ ಹೊಗಳುತ್ತಾರೆ?

'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಎಂಬ ಒಂದೇ ಪುಸ್ತಕದಲ್ಲಿ ಎರಡು ನೀರುಗಳಿವೆ. ಒಂದು ಗೆಳೆಯರೊಂದಿಗೆ, ಗಾಳದೊಂದಿಗೆ ಹೋಗಿ ಕಂಡ ಕಡಲು; ಇನ್ನೊಂದು ನೈಲ್ ಮೂಲ ಹುಡುಕಿ ಹೋದವರ ಕಥೆಗಳಲ್ಲಿ ಕಂಡ ನದಿ. ಅವೆರಡನ್ನೂ ಒಂದೇ ರಟ್ಟಿನೊಳಗೆ ಇಟ್ಟದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ದೂರದ ನೀರಿನ ಕನಸನ್ನು ಹಗಲುಗನಸೆಂದು ತಳ್ಳುವವರು ಈ ಪುಸ್ತಕವನ್ನು ಮತ್ತೆ ಓದಬೇಕು. ರಾಮಗಂಗಾ, ಪಂಚೇಶ್ವರದ ಸಂಗಮ, ಅರುಣಾಚಲದ ಸಿಯಾಂಗ್ ಇವುಗಳ ಫೋಟೋ ನೋಡುತ್ತ ಕೂತವನು ಸುಮ್ಮನೆ ಕೂತಿಲ್ಲ. ಸೆಳವು ಎಲ್ಲಿ ತಿರುಗುತ್ತದೆ, ಬಂಡೆಯ ಯಾವ ಮಗ್ಗುಲಲ್ಲಿ ಮೀನು ನಿಲ್ಲಬಹುದು ಎಂದು ನೀರು ಓದುತ್ತಿದ್ದಾನೆ. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಕೂತು ನದಿಯೊಂದನ್ನು ಬಯಸಲು ಕಲಿತವನೇ ನಾಳೆ ಕಿಟಕಿಯಾಚೆಯ ಕೆರೆಯ ಗತಿಯನ್ನೂ ಕೇಳುತ್ತಾನೆ. ನಮ್ಮ ಐಡಿಎಲ್ ಕೆರೆಯ ಸುದ್ದಿ ಜನಕ್ಕೆ ನೆನಪಾಗುವುದು ಗಣೇಶ ಬಿಡುವಾಗ ಮಾತ್ರ. ಅಲ್ಲಿ ಯಾವ ಮೀನಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವನು ದಡದಲ್ಲಿ ಗಾಳ ಹಿಡಿದು ಕೂರುವವನೊಬ್ಬನೇ. ಕೊರ್ರಮೀನು ತೆಲಂಗಾಣದ ರಾಜ್ಯ ಮೀನೆಂದು ಘೋಷಣೆಯಾಗಿದೆ. ಅದು ಕೆರೆಯಲ್ಲಿ ಉಸಿರಿಗೆ ಮೇಲೆ ಬರುವುದನ್ನು ಕಂಡ ಮಕ್ಕಳು ಈ ಬಡಾವಣೆಯಲ್ಲಿ ಎಷ್ಟಿದ್ದಾರು?

ಜಗಳದ ನಿಜವಾದ ಕಾರಣ ಛಾಯಾಗ್ರಹಣವಲ್ಲ ಎಂದು ನನ್ನ ಅನುಮಾನ. ಓದಿದ ಕನ್ನಡಿಗರ ಅಭಿರುಚಿಗೆ ಮೀನು ಎಂದರೆ ಒಂದೋ ದೇವರದು, ಇಲ್ಲವೇ ವಾಸನೆಯದು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳ ರಾಶಿಯನ್ನೇ ಕೊಂದಾಗ ಅತ್ತವರೂ ನಾವೇ. ಆ ಭಕ್ತಿಗೆ ನಾನು ಕೃತಜ್ಞ, ಅದು ಮಹಸೀರನ್ನು ಕಾಪಾಡಿದೆ. ಆದರೆ ಬೆಸ್ತರ, ಗಂಗಾಮತಸ್ಥರ, ಮೊಗವೀರರ ಕೈಗಳಲ್ಲಿರುವ ನೀರಿನ ತಿಳಿವಳಿಕೆಯನ್ನು ನಮ್ಮ ಸೌಂದರ್ಯಪ್ರಜ್ಞೆ ಎಂದೂ ಒಳಗೆ ಬಿಟ್ಟುಕೊಂಡಿಲ್ಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಗದ್ದೆಗೇರುವುದನ್ನು ಕಾದು ಕೂಳಿ ಒಡ್ಡಿದ ರೈತನಿಗಿಂತ ಆ ಮೀನಿನ ವಲಸೆಯನ್ನು ಹೆಚ್ಚು ಬಲ್ಲವರು ಯಾರು? ಅವನ ಚಿತ್ರ 'ನೇಚರ್' ಅಲ್ಲ, ಗದ್ದೆಯಂಚಿನ ಬೆಳ್ಳಕ್ಕಿಯದು ಮಾತ್ರ ನೇಚರ್.

ಈ ಮಡಿ ನಮ್ಮಲ್ಲಿ ಮೊದಲಿಂದಲೂ ಇದ್ದದ್ದಲ್ಲ. ಕೂಕಟ್‌ಪಲ್ಲಿಯನ್ನು ಸೀಳಿ ಹೋಗುವ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದ್, ಹುಮನಾಬಾದ್ ಕಡೆಗೆ ಸಾಗಿದರೆ ಬಸವಕಲ್ಯಾಣ ಸಿಗುತ್ತದೆ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಗಳ ಜಾತಿ, ಯಾವ ಮೀನಿಗೆ ಯಾವ ಆಹಾರ, ಗಾಳದ ಕೋಲು, ದಾರ: ಎಲ್ಲವನ್ನೂ ರಾಜನೊಬ್ಬ ಸಂಗೀತ, ಸಾಹಿತ್ಯಗಳ ಸರಿಸಮಕ್ಕೆ ಇಟ್ಟು ಬರೆದಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಪ್ರಬಂಧವನ್ನೇ ಬರೆದರು. ಕನ್ನಡ ನೆಲದ ದೊರೆಯ ಈ ಗ್ರಂಥದಿಂದ ನಮ್ಮವರು ಸಂಗೀತದ ಭಾಗ ಉಲ್ಲೇಖಿಸುತ್ತಾರೆ, ಅಡುಗೆಯ ಭಾಗ ಉಲ್ಲೇಖಿಸುತ್ತಾರೆ. ಮೀನಿನ ಭಾಗ ಹಾಗೇ ಬಿದ್ದಿದೆ.

ಇನ್ನು ಗಾಳದಿಂದ ಮೀನಿಗಾಗುವ ನೋವಿನ ಪ್ರಶ್ನೆ. ಅದು ನಿಜವಾದದ್ದು. ಮುಳ್ಳಿನ ಮೊನೆಯ ಹಿಂಗೊಕ್ಕೆ ತೆಗೆಯುವುದು, ಮೀನನ್ನು ನೀರಿನಿಂದ ಪೂರ್ತಿ ಎತ್ತದಿರುವುದು, ಬೇಸಿಗೆಯ ಬಿಸಿನೀರಿನಲ್ಲಿ ಗಾಳ ಹಾಕದಿರುವುದು: ಇವು ಒಳ್ಳೆಯ ಗಾಳಗಾರನ ನಡತೆ. ಅದನ್ನು ಮೀರಿದವನ ಚಿತ್ರವನ್ನು ಯಾರೂ ಮೆಚ್ಚಬೇಕಾಗಿಲ್ಲ.

ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಯೋಜನೆ ಸರ್ಕಾರದ ಮುಂದಿದೆ. ಅದು ಕಟ್ಟಿ ನಿಂತರೆ ಕಾವೇರಿ ಅಭಯಾರಣ್ಯದ ಕಣಿವೆಯಲ್ಲಿ ಗೂನುಬೆನ್ನಿನ ಮೀನು ಬಾಳಿದ ಸೆಳವುಗಳು ನಿಂತ ನೀರಿನಡಿ ಹೋಗುತ್ತವೆ. ಆಗ ಆ ಬಂಡೆ, ಆ ಮಡು, ಆ ಮೀನು ಹೇಗಿದ್ದವೆಂದು ತಿಳಿಯಲು ಉಳಿಯುವುದು ನಾವು ಜಂಬವೆಂದು ಕರೆದ ಫೋಟೋಗಳೇ. ಮೈಸೂರು, ಮಂಡ್ಯ, ಕನಕಪುರ, ಕೊಳ್ಳೇಗಾಲದ ಕಡೆ ನಿಮ್ಮ ಅಜ್ಜ, ಮಾವ, ದೊಡ್ಡಪ್ಪ ಯಾರಾದರೂ ಮೀನು ಹಿಡಿದು ನಿಂತ ಹಳೆಯ ಚಿತ್ರ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಹಿಂಬದಿಯಲ್ಲಿ ಹೊಳೆ, ಊರು, ವರ್ಷ, ನೆನಪಿದ್ದರೆ ತೂಕ ಬರೆದಿಡಿ, ಪಕ್ಕದಲ್ಲಿ ನಿಂತವನ ಹೆಸರನ್ನೂ ಬರೆಯಿರಿ. ಬಣ್ಣದ ಚಿತ್ರವಾದರೆ ಮೀನಿನ ರೆಕ್ಕೆ ಕಿತ್ತಳೆಯೋ ನೀಲಿಯೋ ನೋಡಿ, ಮಹಸೀರ್ ಮೇಲೆ ಕೆಲಸ ಮಾಡುವವರಿಗೆ ಅದರ ಪ್ರತಿ ಕಳಿಸಿಕೊಡಿ.